ಸೊಸೆಯ ಜೊತೆಗೆ ಬಂದವು

ಹರಿದ ಎಳೆಗೆ ಗಂಟು ಹಾಕಿದ ಮೇಲೆ ಉಳಿಯುವ ತುದಿ ಅರ್ಧ ಅಕ್ಕಿಕಾಳಿನಷ್ಟಿರಬೇಕು. ಅದಕ್ಕಿಂತ ಉದ್ದವಾದರೆ ಹಣಿಗೆಯ ಹಲ್ಲಿಗೆ ಸಿಕ್ಕಿ ಪಕ್ಕದ ಎಳೆಯನ್ನೂ ಹರಿಯುತ್ತದೆ. ಗಿಡ್ಡವಾದರೆ ಗಂಟೇ ಬಿಚ್ಚಿಕೊಳ್ಳುತ್ತದೆ. ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ, ಹಾಕುವ ಗಂಟಿನ ತುದಿ ಸರಿಯಾಗಿ ಅಷ್ಟೇ ಇರುತ್ತಿತ್ತು. ಹೆಚ್ಚಾದುದನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದಳು. ಮನೆಮಂದಿಯ ಎದುರು ಉಗುಳಲು ನಾಚಿ, ಆ ಚೂರನ್ನು ನಾಲಿಗೆಯ ಮೇಲಿಂದ ಬೆರಳಲ್ಲಿ ತೆಗೆದು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಸಂಜೆಯ ಹೊತ್ತಿಗೆ ಸೆರಗಿನ ಒಂದು ಮೂಲೆಯೆಲ್ಲ ಕೆಂಪು ಚೂರುಗಳಿಂದ ತುಂಬಿರುತ್ತಿತ್ತು. ಗಂಟು ಅಷ್ಟು ಚೆನ್ನಾಗಿ ಬರುತ್ತಿದ್ದುದಕ್ಕೆ ಕಾರಣ ಅಭ್ಯಾಸ. ಆ ಬೇಸಿಗೆಯಲ್ಲಿ ಎಳೆಗಳು ಅಷ್ಟು ಹರಿಯುತ್ತಿದ್ದವು.

ನಮ್ಮದು ರಬಕವಿಯ ನೇಕಾರ ಓಣಿಯ ಮನೆ. ಹಿಂದೆ ತಗಡಿನ ಶೆಡ್ಡಿನಲ್ಲಿ ಅಪ್ಪನ ಪಾವರಲೂಮುಗಳಿವೆ. ಮುಂದಿನ ಪಡಸಾಲೆಯಲ್ಲಿ ಆಯಿಯ ಕುಣಿ ಮಗ್ಗವಿದೆ. ಆಯಿ ಎಂದರೆ ಅಪ್ಪನ ತಾಯಿ. ನೆಲದಲ್ಲಿ ಸೊಂಟದ ಆಳದ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು ಕಾಲು ಕೆಳಗಿಳಿಸಿ, ತುಳಿಯುವ ಹಲಗೆಗಳನ್ನು ಅಲ್ಲಿಂದ ನಡೆಸುವ ಮಗ್ಗ ಅದು. ಓಣಿಯಲ್ಲಿ ಉಳಿದವರೆಲ್ಲ ಕುಣಿ ಮುಚ್ಚಿಸಿ ಎಷ್ಟೋ ಕಾಲವಾಗಿದೆ. ಆಯಿ ಮಾತ್ರ ಮಂಡಿ ಮಡಚಲು ಬರುವವರೆಗೂ ಅಲ್ಲಿಂದ ಏಳಲಿಲ್ಲ. ಹೋದ ವರ್ಷ ಬೇಸಿಗೆ ಮುಗಿದು ಮಳೆ ಹಿಡಿದಾಗ ಮಂಡಿ ಕೈಕೊಟ್ಟಿತು. ಮಗ್ಗದ ಮೇಲೆ ಹಳೆಯ ದುಪ್ಪಟಿ ಹೊದಿಸಿದೆವು.

ದೀಪಾವಳಿ ಕಳೆದ ಮೇಲೆ ಅಣ್ಣನ ಮದುವೆಯಾಯಿತು. ಅಣ್ಣ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು. ಮನೆಯಲ್ಲಿದ್ದಾಗ ಹೆಚ್ಚಾಗಿ ನಿದ್ದೆಯಲ್ಲಿರುತ್ತಾನೆ. ವೈನಿ ಬೀಳಗಿ ಕಡೆಯ ಒಕ್ಕಲುತನದ ಮನೆಯವಳು. ಹೆಣ್ಣು ನೋಡಲು ಹೋದಾಗ ನಮ್ಮವರು ಕೇಳುವುದನ್ನೆಲ್ಲ ಕೇಳಿ ಮುಗಿಸಿ, ನೀನೇನಾದರೂ ಕೇಳುವುದಿದೆಯೇ ಎಂದರು. ಆಕೆ ಹುಡುಗನ ಕಡೆ ನೋಡಲೂ ಇಲ್ಲ. ಆಯಿಯತ್ತ ತಿರುಗಿ, "ನಿಮ್ಮ ಮನ್ಯಾಗ ಇನ್ನೂ ಕುಣಿ ಮಗ್ಗ ಐತಂತಲ್ರಿ. ನನಗ ಕಲಿಸ್ತೀರೇನ್ರಿ?" ಎಂದಳು. ಬರುವ ದಾರಿಯಲ್ಲಿ ಜೀಪಿನೊಳಗೆ ಅಪ್ಪ ಇನ್ನೂ ಗೋತ್ರ, ನಕ್ಷತ್ರ ಎನ್ನುತ್ತಿದ್ದರೆ ಆಯಿ, "ನನ್ನ ಹುಡುಗಿ ಆತು. ನಿನ್ನ ಮಗಗ ಬೇಕಾದ್ರ ಮಾಡ್ಕೊಳ್ಳಿ" ಎಂದುಬಿಟ್ಟಳು.

ಚಳಿಗಾಲವಿಡೀ ಆಯಿ ಕುರ್ಚಿಯ ಮೇಲೆ ಕೂತು ಹೇಳಿಕೊಟ್ಟಳು, ವೈನಿ ಕುಣಿಯಲ್ಲಿ ಕೂತು ಕಲಿತಳು. ಶಿವರಾತ್ರಿ ಕಳೆದ ಮೇಲೆ ತಾನೊಬ್ಬಳೇ ನೇಯುವುದಕ್ಕೆ ಹೊಸ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಹೂಡಿಸಿಕೊಂಡಳು. ಮೊದಲ ಸೀರೆ ಅವಳ ತಾಯಿಗೆ ಎಂದು ನಿಶ್ಚಯವಾಗಿತ್ತು. ಕೆಂಪು ಮೈ, ಅರಿಸಿನದ ಅಂಚು. ಮಗಳು ಮಗ್ಗದ ಮೇಲೆ ಕೂತಿದ್ದಾಳೆಂದು ಆ ತಾಯಿ ಬೀಳಗಿಯ ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿ ಆಗಿತ್ತು. ಫೋನು ಮಾಡಿದಾಗಲೆಲ್ಲ ಮಗಳ ಕ್ಷೇಮ ಕೇಳುವ ಮೊದಲು, "ಎಲ್ಲೀತನ ಬಂತು?" ಎಂದು ಸೀರೆಯ ಕ್ಷೇಮ ಕೇಳುತ್ತಿದ್ದಳು.

ಬಿಸಿಲು ಏರಿದಂತೆ ಎಳೆ ಹರಿಯತೊಡಗಿದವು. ಗೇಣು ನೇಯುವಷ್ಟರಲ್ಲಿ ಒಂದು, ಕೆಲವೊಮ್ಮೆ ಎರಡು. ಅಪ್ಪ ಕೆಲವು ದಿನ ನೋಡಿದ. ಆಮೇಲೆ ಒಂದು ಮಧ್ಯಾಹ್ನ ಊಟ ಮಾಡುತ್ತ, ಗೌಂಡಿಗೆ ಹೇಳಿರುವುದಾಗಿ ತಿಳಿಸಿದ. ಬರುವ ವಾರ ಬಂದು ಕುಣಿ ಮುಚ್ಚಿ, ಮೇಲೆ ಗಟ್ಟಿ ಮಾಡಿ, ಅಲ್ಲೊಂದು ಪಾವರಲೂಮು ಕೂರಿಸುವುದು. ನೇಯ್ದಷ್ಟು ಬಟ್ಟೆ ಕತ್ತರಿಸಿ ಇಟ್ಟುಕೊಂಡರಾಯಿತು. ವೈನಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಅವಳ ಸೀರೆ ಆಗ ಸುಮಾರು ಅರ್ಧಕ್ಕೆ ಬಂದಿತ್ತು. ಅರ್ಧ ಸೀರೆಯನ್ನು ಯಾವ ತಾಯಿ ಉಡುತ್ತಾಳೆ?

ನಮ್ಮ ಓಣಿಯಲ್ಲಿ ವಾದ ಮಾಡುವುದಕ್ಕೂ ಕರೆಂಟು ಹೋಗಬೇಕು. ಲೂಮುಗಳು ನಡೆಯುತ್ತಿರುವಾಗ ಮನೆಯೊಳಗೆ ಯಾರಿಗೂ ಯಾರ ಮಾತೂ ಕೇಳುವುದಿಲ್ಲ. ಊಟ, ನೀರು, ಹೊರಗೆ ಯಾರೋ ಬಂದಿದ್ದಾರೆ ಎಂಬುದೆಲ್ಲ ಕೈಸನ್ನೆಯಲ್ಲಿ ನಡೆಯುತ್ತದೆ. ಕರೆಂಟು ಹೋದ ಕೂಡಲೇ ಇಡೀ ಓಣಿ ಒಮ್ಮೆಲೇ ಮೌನವಾಗುತ್ತದೆ. ಮರುಗಳಿಗೆಗೆ ಎಲ್ಲ ಮನೆಗಳಿಂದಲೂ ತಡೆದಿಟ್ಟ ಮಾತು ಹೊರಬೀಳುತ್ತದೆ. ಅಂಥ ಹೊತ್ತಿನಲ್ಲೇ ನಮ್ಮ ಮನೆಯ ವಾದವೂ ಶುರುವಾಯಿತು. ನನಗೆ ಆ ವಾರ ಜಮಖಂಡಿಯ ಕಾಲೇಜಿಗೆ ಸಾಲು ರಜೆ. ಪಡಸಾಲೆಯ ಮೂಲೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಇನ್ನೊಂದು ಮಾತು ಹೇಳಬೇಕು. ನಮ್ಮಲ್ಲಿ ಮಾವ ಸೊಸೆಯ ಜೊತೆ ನೇರವಾಗಿ ಮಾತಾಡುವುದಿಲ್ಲ. ಚಹಾ ಬೇಕಾದರೂ, "ಆಕಿಗೆ ಒಂದ್ ಕಪ್ ಚಾ ಇಡಾಕ ಹೇಳ್ರಿ" ಎಂದು ಗೋಡೆಗೆ ಹೇಳಬೇಕು. ಸೊಸೆ ಎದುರಿಗೇ ಇದ್ದು ಕೇಳಿಸಿಕೊಂಡಿದ್ದರೂ ನಮ್ಮಲ್ಲೊಬ್ಬರು ಅದನ್ನು ಮತ್ತೊಮ್ಮೆ ಹೇಳಿದ ಮೇಲೆಯೇ ಚಹಾ ಬರುತ್ತದೆ. ಹಾಗಾಗಿ ಅಪ್ಪನ ವಾದವೆಲ್ಲ ಆಯಿಯ ಜೊತೆ. ವೈನಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕುಣಿಯಲ್ಲಿ ಗಂಟು ಹಾಕುತ್ತ ಕೂತಿದ್ದಳು.

"ಯವ್ವಾ, ನಾ ಯಾರಿಗೂ ಬೈಯಾಕತ್ತಿಲ್ಲ" ಎಂದು ಅಪ್ಪ ಶುರುಮಾಡಿದ. "ಇದ್ದದ್ದು ಹೇಳಾಕತ್ತೇನಿ. ಈ ಮಗ್ಗದ ಮ್ಯಾಲೆ ನೀ ಜಲ್ಮ ಕಳದಿ. ಒಂದ್ ಪತ್ತಲಕ್ಕ, ಇಡೀ ಸೀರಿಗೆ, ನಾಕೈದ್ ಎಳಿ ಹರಿದ್ರ ಹೆಚ್ಚು. ಸೊಸಿ ಬಂದ್ಲು, ಈಗ ಗೇಣಿಗೊಂದು ಹರಿತಾವ. ಕೈ ಬೇ ಅದು. ಕುರ್ಪಿ ಹಿಡದು ಕಸ ತಗದ ಕೈ. ನೂಲಿಗೆ ತಿಳಿತೈತಿ."

"ಹರಿತಾವ, ಖರೆ" ಎಂದಳು ಆಯಿ.

"ನೋಡು ಮತ್ತ."

"ಆಕಿ ಬಂದ ಮ್ಯಾಲೆ ಹರಿಯಾಕತ್ತಾವ, ಅದೂ ಖರೆ."

"ಅದನ್ನ ನಾನೂ ಹೇಳಾಕತ್ತೇನಿ."

"ಆಕಿ ಜೋಡಿ ಮತ್ತೇನೇನ್ ಬಂತಲೇ ಮನಿಗೆ?"

ಅಪ್ಪ ಅರ್ಥವಾಗದೆ ನೋಡಿದ. "ಅಂದ್ರ?"

"ಕೇಳಿದ್ದಕ್ಕ ಹೇಳು. ಒಬ್ಬಾಕಿನ ಕೈ ಬೀಸ್ಕೊಂತ ಬಂದ್ಲೇನು?"

ಒಳಗಿನಿಂದ ಅವ್ವನ ದನಿ ಬಂತು. "ಫ್ರಿಜ್ ಬಂತು."

"ಫ್ರಿಜ್ ಬಂತು" ಎಂದು ಆಯಿ ಒಂದು ಬೆರಳು ಮಡಚಿದಳು. "ಮತ್ತ?"

"ಮಂಚ, ತಿಜೋರಿ. ಎಮ್ಮಿ ಕರ."

"ಎಮ್ಮಿ ಕರ. ಅದು ಬಂದಾಗಿಂದ ಒದರೂದ ಒದರೂದು. ನೂಲು ಅಂಜಿ ಹರಿತಿರಬೇಕು."

"ಟೈಲ್ಸ್ ಬಂದ್ವು" ಎಂದಳು ಅವ್ವ, ಈಗ ಲಟ್ಟಣಿಗೆ ಹಿಡಿದುಕೊಂಡು ಬಾಗಿಲಿಗೇ ಬಂದು. ಮದುವೆಗೆಂದು ಪಡಸಾಲೆಗೆ ಟೈಲ್ಸ್ ಹಾಕಿಸಿದ್ದು ಅವ್ವನ ಹೆಮ್ಮೆ. ಮಣ್ಣಿನ ನೆಲದ ಮೇಲೆ ಬೀಗರನ್ನು ಕೂರಿಸುವುದು ಹೇಗೆ ಎಂದು ಹಠ ಹಿಡಿದು ಹಾಕಿಸಿದ್ದಳು. ಅದರ ಜೊತೆಗೇ ಕುಣಿಯ ಒಳಗೂ ಸಿಮೆಂಟ್ ಗಿಲಾವು ಆಗಿತ್ತು. "ಮತ್ತ ನಿಮ್ಮ ಮಗಗ ಸಕ್ಕರಿ ಬ್ಯಾನಿ ಬಂತು. ಮದಿವಿ ಆದ ಮುಂದಿನ ವಾರಕ್ಕ."

"ಅದು ಸೊಸಿಯಿಂದ ಬಂತೇನಲೇ?" ಎಂದಳು ಆಯಿ.

"ಥೂ, ಅಲ್ಲ. ಅದು ಬುಂದೆ ಉಂಡಿಯಿಂದ" ಎಂದ ಅಪ್ಪ. ಮದುವೆಯ ಉಳಿದ ಉಂಡೆಗಳನ್ನು ಡಬ್ಬಿಯ ಬಳಿ ಹೋದಾಗಲೆಲ್ಲ ಒಂದೊಂದು ಬಾಯಿಗೆ ಹಾಕಿಕೊಂಡದ್ದನ್ನು ಅಪ್ಪ ಡಾಕ್ಟರ ಮುಂದೆ ಒಪ್ಪಿಕೊಂಡಿದ್ದ.

"ಹೌದ? ಸೊಸಿ ಬಂದ ಮ್ಯಾಲೇನ ಬಂತಲ್ಲ ಬ್ಯಾನಿ?"

"ಬಂದ ಮ್ಯಾಲೆ ಬಂತಂದ್ರ ಆಕಿಯಿಂದ ಬಂತು ಅನ್ನಾಕ ಆಕ್ಕೇತೇನು? ಉಂಡಿ ತಿಂದೆ, ಬಂತು."

ಆಯಿ ತನ್ನ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ನಿನ್ನ ಹೊಟ್ಟಿ ಮಾತು ಬಂದ್ರ ಉಂಡಿ ಹುಡಕಿದಿ. ನೂಲಿನ ಮಾತು ಬಂದ್ರ ಸೊಸಿ ಹಿಡದಿ. ನೂಲಿಂದೂ ಒಂದು ಉಂಡಿ ಇದ್ದೀತು, ಹುಡುಕಲೇ."

ಅಪ್ಪ ಬಾಯಿ ತೆರೆದ. ಆ ಕ್ಷಣಕ್ಕೆ ಸರಿಯಾಗಿ ಕರೆಂಟು ಬಂತು, ಶೆಡ್ಡಿನಲ್ಲಿ ಲೂಮುಗಳು ಖಟಾಖಟ ಎಂದವು. ಅಪ್ಪ ಏನೋ ಹೇಳಿದ. ತುಟಿ ಅಲ್ಲಾಡಿದ್ದಷ್ಟೇ ಕಂಡಿತು. ಆಯಿ ಕಿವಿಗೆ ಕೈ ಹಚ್ಚಿ, ಕೇಳುವುದಿಲ್ಲ ಎಂದು ಸನ್ನೆ ಮಾಡಿದಳು. ಅಪ್ಪ ಶೆಡ್ಡಿಗೆ ಹೋದ. ಸೆರಗಿನ ಒಳಗೆ ವೈನಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೋ ಎಂದು ಬಗ್ಗಿ ನೋಡಿದೆ. ನಗುತ್ತಿದ್ದಳು.

ನಾನು ಮನೆಯಲ್ಲಿ ಹೆಚ್ಚು ಮಾತಾಡುವವಳಲ್ಲ. ಆದರೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ, ಚರ್ಚಾಸ್ಪರ್ಧೆಗಳಿಗೆ ನಿರ್ಣಾಯಕಳಾಗಿ ಕೂರುತ್ತೇನೆ. ಮಾತು ಹೇಗೆ ನಡೆಯಿತು ಎಂದು ನೋಡುವ ಅಭ್ಯಾಸ ಮನೆಯಲ್ಲೂ ಬಿಡುವುದಿಲ್ಲ. ಉತ್ತರಪತ್ರಿಕೆ ಮುಂದಿಟ್ಟುಕೊಂಡು ಆ ಮಧ್ಯಾಹ್ನವೆಲ್ಲ ಆಯಿಯ ಮಾತನ್ನೇ ತಿದ್ದುತ್ತಿದ್ದೆ. ಒಬ್ಬರು ಒಂದು ಕಾರಣ ಹೇಳಿದರೆ ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಹೇಳಿದವರ ಮೇಲೆಯೇ ಬೀಳುತ್ತಾರೆ, ಅಥವಾ ಅಂಥದ್ದು ನಡೆದೇ ಇಲ್ಲ ಎನ್ನುತ್ತಾರೆ. ನಾನೇ ವೈನಿಯ ಪರ ಎದ್ದಿದ್ದರೆ ಅಪ್ಪನಿಗೆ ಹೊಸ ಲೂಮಿನ ಆಸೆ, ಅದಕ್ಕೇ ಹೀಗೆ ಹೇಳುತ್ತಿದ್ದಾನೆ ಎನ್ನುತ್ತಿದ್ದೆನೇನೋ. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಅಪ್ಪನ ಆಸೆ ಗೊತ್ತಾದರೆ ನೂಲು ಹರಿಯುವುದಕ್ಕೆ ಕಾರಣ ಗೊತ್ತಾದಂತಲ್ಲ. ಆಯಿ ಅಪ್ಪ ಕಂಡದ್ದನ್ನೆಲ್ಲ ಒಪ್ಪಿದಳು. ಹರಿಯುವುದು ನಿಜ, ಸೊಸೆ ಬಂದ ಮೇಲೆ ಎಂಬುದೂ ನಿಜ. 'ಮೇಲೆ' ಎಂಬಲ್ಲಿಂದ 'ಅದರಿಂದ' ಎಂಬಲ್ಲಿಗೆ ಅಪ್ಪ ದಾಟುವ ಜಾಗದಲ್ಲಿ ಮಾತ್ರ ಫ್ರಿಜ್ಜು, ಮಂಚ, ಎಮ್ಮೆಯ ಕರುಗಳನ್ನೆಲ್ಲ ಸಾಲಾಗಿ ತಂದು ನಿಲ್ಲಿಸಿದಳು. ದಾಟಲು ಜಾಗವೇ ಉಳಿಯಲಿಲ್ಲ. ಆಮೇಲೆ ಅಪ್ಪನ ಬಾಯಿಂದಲೇ, ಅವನದೇ ಬೇನೆಯ ವಿಷಯದಲ್ಲಿ, ಆ ದಾರಿ ಸರಿಯಲ್ಲ ಎಂದು ಹೇಳಿಸಿದಳು. ಸ್ಪರ್ಧೆಯಾಗಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ.

ಆದರೂ ಅದು ಅರ್ಧ ಕೆಲಸ. ಸೊಸೆಯೇ ಕಾರಣ ಎನ್ನಲಾಗದು ಎಂದಾಯಿತು. ಸೊಸೆ ಕಾರಣವಲ್ಲ ಎಂದಾಗಲಿಲ್ಲ. ಗೌಂಡಿಗೆ ಹೇಳಿದ ದಿನ ಹಾಗೇ ಇತ್ತು. ಅಪ್ಪ ಅದನ್ನು ಮರುದಿನ ಮಧ್ಯಾಹ್ನ, ಕರೆಂಟು ಹೋದ ಕೂಡಲೇ ಹೇಳಿದ.

"ಯವ್ವಾ, ಉಂಡಿ ಎಲ್ಲೈತಿ ಹಂಗಾದ್ರ? ತೋರ್ಸು. ಫ್ರಿಜ್ಜ ಹೊರಗ ಇಡ್ಲೇನು?"

"ಮಗ್ಗಕ್ಕ ನಾ ಕುಂಡ್ರತೇನಿ. ನನ್ನ ಕೈಯಾಗ ಹರಿತಾವೇನು ನೋಡೂನು."

ಆಯಿಯನ್ನು ಕುಣಿಗಿಳಿಸುವುದು ಸಣ್ಣ ಕೆಲಸವಾಗಿರಲಿಲ್ಲ. ಅವ್ವ ಒಂದು ಕಡೆ, ನಾನೊಂದು ಕಡೆ ಹಿಡಿದೆವು. ವೈನಿ ಕುಣಿಯೊಳಗೆ ನಿಂತು ಆಯಿಯ ಕಾಲುಗಳನ್ನು ಒಂದೊಂದಾಗಿ ಹಲಗೆಯ ಮೇಲಿಟ್ಟಳು. "ಸಾವಕಾಶ, ಸಾವಕಾಶ. ಮಗ್ಗದ ಹಲಗಿ ಅಲ್ಲ ನಾ, ಮುರದ್ರ ಜೋಡ್ಸಾಕ ಬರಂಗಿಲ್ಲ" ಎನ್ನುತ್ತ ಆಯಿ ಕೂತಳು. ಲಾಳಿ ಅತ್ತಿಂದಿತ್ತ ಹರಿದಾಡಿತು. ಆ ಸದ್ದು ಕೇಳಿ ಬಹಳ ತಿಂಗಳುಗಳಾಗಿದ್ದವು; ವೈನಿಯ ಸದ್ದಿಗಿಂತ ಬೇರೆಯೇ, ತೂಕಡಿಸುವಂಥ ನಿಧಾನ. ಗೇಣು ನೇಯುವಷ್ಟರಲ್ಲಿ ಎಳೆ ಹರಿಯಿತು.

"ಹರೀತು" ಎಂದಳು ಆಯಿ, ದೊಡ್ಡ ಸಂತೋಷದಿಂದ.

"ನಿನಗ ಕಣ್ಣು ಸರಿ ಕಾಣಂಗಿಲ್ಲ" ಎಂದ ಅಪ್ಪ. "ಹಣಿಗಿ ಜೋರ್ ಬಡದಿ."

"ಆಕಿ ಕುಂತ್ರ ಕೈ, ನಾ ಕುಂತ್ರ ಕಣ್ಣು. ನೀ ಕುಂತ್ರ ಏನಂತಿ? ಬಾ, ಕುಂಡ್ರ ಬಾ."

ಅಪ್ಪ ಹುಡುಗನಾಗಿದ್ದಾಗ ಈ ಮಗ್ಗದ ಮೇಲೇ ಕಲಿತವನು. ಹೆಂಡತಿ, ಮಗಳು, ಸೊಸೆಯ ಎದುರು ಇಲ್ಲವೆನ್ನಲಾಗದೆ ಧೋತರ ಮೇಲೆತ್ತಿ ಕಟ್ಟಿ ಕುಣಿಗಿಳಿದ. ಕಾಲು ಕೆಳಗಿಟ್ಟವನೇ, "ಅಯ್ಯ, ಏನ್ ಕಾದೈತಿ ಇದು" ಎಂದು ಎತ್ತಿಕೊಂಡ. ಆಮೇಲೆ ಸರಿಯಾಗಿ ಕೂತು ನೇಯತೊಡಗಿದ. ಕೈ ಮರೆತಿರಲಿಲ್ಲ. ನೋಡಲು ಚೆನ್ನಾಗಿತ್ತು. ಸ್ವಲ್ಪ ಹೊತ್ತು ಅವನ ಮುಖದ ಮೇಲೂ ಒಂದು ಹಳೆಯ ಖುಷಿ ಬಂತು. ಅಷ್ಟರಲ್ಲಿ ಎಳೆ ಹರಿಯಿತು, ಮತ್ತೊಂದು ಹರಿಯಿತು.

ಅಪ್ಪ ಹರಿದ ಎಳೆಯ ತುದಿಯನ್ನು ಬೆಳಕಿಗೆ ಹಿಡಿದು ನೋಡಿ, "ನೂಲ ಸರಿ ಇಲ್ಲ ಈ ಸಲ" ಎಂದ.

ಅವ್ವ ಬಾಯಿಗೆ ಸೆರಗು ಹಚ್ಚಿಕೊಂಡು ಒಳಗೆ ಓಡಿದಳು. ಒಳಗಿನ ಕೋಣೆಯಲ್ಲಿ ರಾತ್ರಿಪಾಳಿ ಮುಗಿಸಿ ಮಲಗಿದ್ದ ಅಣ್ಣ ನಗೆಯ ಸದ್ದಿಗೆ ಎಚ್ಚರಾಗಿ, "ಬಿಸಲಿಗೆ ಹರಿತಾವ ಬಿಡ್ರಿ, ಮಲಗಾಕ ಬಿಡ್ರಿ" ಎಂದು ಅಲ್ಲಿಂದಲೇ ಕೂಗಿದ.

ಅಪ್ಪನಿಗೆ ಹಿಡಿತ ಸಿಕ್ಕಿತು. "ಬಿಸಲಂತ. ಹೋದ ವರ್ಷ ಬ್ಯಾಸಗಿ ಇರಲಿಲ್ಲೇನು? ಅದರ ಹಿಂದಿನ ವರ್ಷ? ಆಗ ಇದ ಮಗ್ಗ, ಇದ ಬಿಸಲು, ಇದ ಅಂಗಡಿ ನೂಲು. ಆಗ ಹರೀಲಿಲ್ಲ. ಈಗ್ಯಾಕ ಹರಿತಾವ?"

ಅಪ್ಪನೂ ಕಚ್ಚಾ ಅಲ್ಲ ಎಂದು ನನಗನಿಸಿದ್ದು ಆಗ. ಪ್ರತಿವರ್ಷ ಇರುವ ಬಿಸಿಲು ಈ ವರ್ಷ ಮಾತ್ರ ಆದದ್ದಕ್ಕೆ ತಾನೊಂದೇ ಕಾರಣವಾಗಲಾರದು. ಅದು ಆಯಿ ಕೇಳಿದಷ್ಟೇ ಒಳ್ಳೆಯ ಪ್ರಶ್ನೆ. ಅಣ್ಣ ಆಗಲೇ ಮತ್ತೆ ಮಲಗಿಬಿಟ್ಟಿದ್ದ. ಹೋದ ವರ್ಷ ಇಲ್ಲದ್ದು ಈ ವರ್ಷ ಏನಿದೆ? ಅಪ್ಪನ ಪ್ರಶ್ನೆ, ಆಯಿಯ ಬೆರಳೆಣಿಕೆಯ ಪಟ್ಟಿ, ಎರಡೂ ಒಂದೇ ಕಡೆಗೆ ಬಂದು ನಿಂತಿದ್ದವು.

"ಅಪ್ಪಾ, ಕುಣ್ಯಾಗ ಕಾಲಿಟ್ಟಾಗ ಏನಂದಿ?" ಎಂದು ಕೇಳಿದೆ.

ನಾನು ಮಾತಾಡಿದ್ದಕ್ಕೇ ಎಲ್ಲರೂ ತಿರುಗಿ ನೋಡಿದರು.

"ಕಾದೈತಿ ಅಂದೆ."

"ಹಿಂದ ಕಾದಿರ್ತಿತ್ತೇನು? ನಾ ಸಾಲಿಂದ ಬಂದು ಬ್ಯಾಸಗ್ಯಾಗ ಆಯಿ ಬಾಜೂಕ ಕಾಲು ಇಳಿಬಿಟ್ಟು ಕುಂಡ್ರತಿದ್ದೆ, ತಂಪ್ ಇರ್ತೈತಂತ."

"ಆಗ ಮಣ್ಣಿತ್ತು. ಈಗ ಗಿಲಾವ್ ಐತಿ." ಅಪ್ಪ ನಿಧಾನವಾಗಿ ಹೇಳಿದ. "ದಿನಾ ಮುಂಜಾನೆ ಯವ್ವ ಅದಕ್ಕ ನೀರು ಹೊಡಿತಿದ್ಲು."

"ಧೂಳ ಏಳಬಾರದಂತ ಹೊಡಿತಿದ್ದೆ" ಎಂದಳು ಆಯಿ. "ನನ್ನ ಅತ್ತಿ ಹೊಡಿತಿದ್ಲು, ನಾನೂ ಹೊಡಿತಿದ್ದೆ. ಟೈಲ್ಸ್ ಆದ ಮ್ಯಾಲೆ ಧೂಳ ಎಲ್ಲೈತಿ?"

"ನೀರು ಹಾಕಿದ್ರ ಟೈಲ್ಸ್ ಮ್ಯಾಲೆ ಕಾಲು ಜಾರ್ತೈತಿ" ಎಂದಳು ಬಾಗಿಲಲ್ಲಿ ನಿಂತ ಅವ್ವ, ಸ್ವಲ್ಪ ಅಳುಕಿನಿಂದ.

ಇದು ನಮ್ಮಂಥ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು. ಮುಂಜಾನೆ ಕುಣಿಗೆ ನೀರು ಚಿಮುಕಿಸುವುದು, ನೆಲ ಸಾರಿಸುವುದು ಕಸ ಗುಡಿಸುವುದರ ಜೊತೆ ಸೇರಿದ ಹೆಂಗಸರ ಕೆಲಸವಾಗಿತ್ತು. ಲಾಳಿ, ಹಣಿಗೆ, ಗಂಜಿ ಇವೆಲ್ಲ ನೇಯ್ಗೆಯ ಲೆಕ್ಕಕ್ಕೆ ಸೇರಿದ್ದವು; ನೀರು ಚಿಮುಕಿಸುವುದು ಯಾರ ಲೆಕ್ಕದಲ್ಲೂ ನೇಯ್ಗೆಯಾಗಿರಲಿಲ್ಲ. ಮಾಡುತ್ತಿದ್ದ ಆಯಿಗೇ ಅದು ಧೂಳಿನ ಕೆಲಸ. ಹಾಗಾಗಿ ನೆಲ ಬದಲಾದಾಗ ಮಗ್ಗಕ್ಕೆ ಏನೋ ತಪ್ಪಿತು ಎಂದು ಯಾರಿಗೂ ಹೊಳೆಯಲಿಲ್ಲ. ಚಳಿಗಾಲ ಹೇಗೋ ಕಳೆಯಿತು. ಬಿಸಿಲು ಬಂದಾಗ ಅದನ್ನು ತಡೆಯಲು ಕೆಳಗೆ ತಂಪಿರಲಿಲ್ಲ. ನೂಲು ಒಣಗಿ ಹಪ್ಪಳವಾಗುತ್ತಿತ್ತು.

"ಇದು ನಿನ್ನ ಲೆಕ್ಕ" ಎಂದ ಅಪ್ಪ ನನಗೆ. "ಖರೆ ಇದ್ದೀತು, ಇರಲಿಕ್ಕಿಲ್ಲ. ಕಾಲಿಗೆ ಬಿಸಿ ತಾಕಿತಂದ ಮಾತ್ರಕ್ಕ ನೂಲು ಹರೀತೈತಿ ಅನ್ನೂದು ಹೆಂಗ?"

"ನಾಳಿ ಕುಣ್ಯಾಗ ಹಸಿ ಗೋಣಿಚೀಲ ಹಾಸೂನು. ಕೈ ವೈನೀದ ಇರಲಿ, ನೂಲು ಅದ ಇರಲಿ. ಒಂದ ಬದಲ ಮಾಡೂನು. ಆಗೂ ಹಂಗ ಹರಿದ್ರ ನಿಂದ ಖರೆ."

"ನಾಡದ ಗೌಂಡಿ ಬರ್ತಾನ."

"ನಾಡದಕ್ಕಲ್ಲ. ನಾಳಿ ಮಾತು ಹೇಳಾಕತ್ತೇನಿ."

ಅಪ್ಪ ಗೋಡೆಯ ಕಡೆ ತಿರುಗಿದ. "ಆಕಿಗೆ ಹೇಳ್ರಿ, ಚೀಲ ಹಾಸ್ಕೊಂಡು ನೇಯಿ ಅಂತ."

ನಾನು ಹೇಳುವ ಮೊದಲೇ ವೈನಿ ಗೋಣಿಚೀಲ ಹುಡುಕಲು ಎದ್ದಿದ್ದಳು.

ಮರುದಿನ ಅವಳು ಎಲ್ಲರಿಗಿಂತ ಮೊದಲೇ ಎದ್ದು ಕೂತಿದ್ದಳು. ಹಸಿ ಚೀಲದ ವಾಸನೆಗೆ ಪಡಸಾಲೆ ತರಕಾರಿ ಸಂತೆಯಂತಾಗಿತ್ತು. ಎಳೆ ಹರಿಯಲೇ ಇಲ್ಲ ಎನ್ನುವಂತಿಲ್ಲ, ಹರಿದವು. ಆದರೆ ಕಡಿಮೆ. ಊಟದ ಹೊತ್ತಿಗೆ ಅಪ್ಪ ಬಂದು ನೇಯ್ದದ್ದನ್ನು ಗೇಣು ಹಾಕಿ ನೋಡಿ, ಇದು ಆಯಿಯ ಕಾಲದಂತಿಲ್ಲ, ನಿನ್ನೆಯಂತೆಯೂ ಇಲ್ಲ, ಏನೂ ಹೇಳಲಾಗದು ಎಂದ. ನ್ಯಾಯವಾದ ಮಾತು. ಚೀಲದ ತಂಪು ಚೀಲದಷ್ಟೇ ಇತ್ತು. ವೈನಿ ಊಟಕ್ಕೂ ಏಳಲಿಲ್ಲ. ಅವಳ ತಾಯಿಯ ಫೋನು ಬಂದಾಗ ನಾನೇ ತೆಗೆದುಕೊಂಡು, ಸೀರೆ ಚೆನ್ನಾಗಿದೆ ಎಂದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಮುಧೋಳದ ದಿಕ್ಕಿನಿಂದ ಮೋಡ ಎದ್ದಿತು. ಮುಂಗಾರಿಗೆ ಮುಂಚೆ ಬರುವ ಅಡ್ಡಮಳೆ. ಮೊದಲು ಗಾಳಿ, ಆಮೇಲೆ ಕರೆಂಟು ಹೋಯಿತು, ಆಮೇಲೆ ತಗಡಿನ ಮೇಲೆ ಹನಿ ಬಿದ್ದವು. ಓಣಿಯ ಲೂಮುಗಳೆಲ್ಲ ನಿಂತ ಮೇಲೆ ಉಳಿದದ್ದು ಎರಡೇ ಸದ್ದು: ಮಳೆ ಮತ್ತು ವೈನಿಯ ಲಾಳಿ. ಬಾಗಿಲು ತೆರೆದಿಟ್ಟೆವು. ಎರಚಲು ಒಳಗೆ ಬಂದು ಅವ್ವನ ಟೈಲ್ಸ್ ಒದ್ದೆಯಾದರೂ ಅವ್ವ ಏನೂ ಅನ್ನಲಿಲ್ಲ. ಆಯಿ ಕುರ್ಚಿಯನ್ನು ಮಗ್ಗದ ಬಳಿ ಎಳೆಸಿಕೊಂಡಳು. ಒಂದು ಗೇಣು ಆಯಿತು, ಎರಡಾಯಿತು, ಮೊಳವಾಯಿತು. ಎಳೆ ಹರಿಯಲಿಲ್ಲ. ಅಂಚಿನ ಹಳದಿ, ಮೈಯ ಕೆಂಪು ಎಲ್ಲೂ ತಡೆಯಿಲ್ಲದೆ ಮುಂದೆ ಮುಂದೆ ಬರುತ್ತಿದ್ದವು. ಆ ಸದ್ದಿನಲ್ಲಿ ಆಯಿಯ ನಿಧಾನವೂ ಇರಲಿಲ್ಲ, ಕಲಿಯುವವಳ ತಡವರಿಕೆಯೂ ಇರಲಿಲ್ಲ.

ಅಪ್ಪ ಶೆಡ್ಡಿನಿಂದ ತಲೆಯ ಮೇಲೆ ಟವೆಲ್ ಹಾಕಿಕೊಂಡು ಓಡಿಬಂದ. ಮಗ್ಗದ ಮುಂದೆ ನಿಂತು ನೋಡಿದ, ಬಗ್ಗಿ ಹಾಸನ್ನು ಮುಟ್ಟಿದ, ಮತ್ತೆ ನಿಂತ.

"ಹರೀಲಿಲ್ಲ" ಎಂದಳು ಆಯಿ.

"ಹರೀಲಿಲ್ಲ" ಎಂದ ಅಪ್ಪ. "ಆದ್ರ ಇದು ನಿಮ್ಮ ಚೀಲದ್ದಲ್ಲ, ಹೇಳಿರ್ತೇನಿ. ಚೀಲ ಮುಂಜಾನಿನೂ ಇತ್ತು. ಇದು ಮಳೀದು. ಹವಾ ತಂಪಾತು, ನೂಲು ಮೆತ್ತಗಾತು, ಅದಕ್ಕ ಹರೀಲಿಲ್ಲ."

ಆ ಮಾತು ಮುಗಿದಾಗ ನನ್ನ ಕೈಯಲ್ಲಿದ್ದ ಪೆನ್ನು ನಿಂತಿತು. ಆಯಿಯ ಮುಖ ನೋಡಿದೆ. ಆಯಿ ನನ್ನ ಮುಖ ನೋಡಿದಳು. ಲಾಳಿಯ ಸದ್ದು ನಿಂತಿತು.

"ಮಾವಾರ" ಎಂದಳು ವೈನಿ.

ಅಪ್ಪನ ಎದುರು ಅವಳ ದನಿ ನಾವು ಕೇಳಿದ್ದು ಅದೇ ಮೊದಲು. ಸೆರಗು ತಲೆಯ ಮೇಲೇ ಇತ್ತು, ಕಣ್ಣು ಮಗ್ಗದ ಮೇಲೇ ಇತ್ತು.

"ಮಳಿ ಬಂದ್ರ ನನ್ನ ಕೈ ಹಗುರಾಕ್ಕೇತೇನ್ರಿ?"

ಅಪ್ಪ ಗೋಡೆಯ ಕಡೆ ತಿರುಗಲು ಹೋದ. ಅರ್ಧ ತಿರುಗಿದವನು ನಿಂತ. ಟವೆಲ್ಲಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಾನು ಹೇಳಿದ್ದನ್ನು ಒಳಗೇ ಮತ್ತೊಮ್ಮೆ ಹೇಳಿಕೊಳ್ಳುತ್ತಿದ್ದಾನೆ ಎಂದು ಕಂಡಿತು: ಹವೆ ತಂಪಾಯಿತು, ನೂಲು ಮೆತ್ತಗಾಯಿತು. ಚೀಲಕ್ಕೆ ಗೆಲುವು ಕೊಡಬಾರದೆಂದು ಮಳೆಯನ್ನು ಕರೆತಂದಿದ್ದ. ಮಳೆ ಬಂದರೆ ಜೊತೆಗೆ ತಂಪೂ ಬರುತ್ತದೆ. ತಂಪಿನಿಂದಲೇ ಎಳೆ ಉಳಿಯುವುದಾದರೆ ತಂಪಿಲ್ಲದ್ದರಿಂದಲೇ ಹರಿಯುತ್ತಿತ್ತು. ನಡುವೆ ಕೈಗೆ ಏನೂ ಕೆಲಸವಿರಲಿಲ್ಲ. ಆಯಿ ಎರಡು ದಿನ ಹುಡುಕಿದ ಉಂಡೆಯನ್ನು ಅಪ್ಪ ತಾನೇ ತಂದು ಮುಂದಿಟ್ಟಿದ್ದ.

"ಇಲ್ಲ ಯವ್ವಾ" ಎಂದ, ನೇರವಾಗಿ ಅವಳಿಗೇ. "ಕೈ ಅದ ಐತಿ. ಕೈಯಾಗ ಏನಿಲ್ಲ."

ಆ ಮೇಲೆ ಮೊದಲು ನಕ್ಕವನೂ ಅಪ್ಪನೇ. ಗಂಟಲಲ್ಲಿ ಸಣ್ಣದಾಗಿ ಶುರುವಾಗಿ ಹೊಟ್ಟೆಗಿಳಿಯಿತು. ಆಯಿ ಕುರ್ಚಿಯ ಕೈ ಬಡಿದಳು. "ಉಂಡಿ ಸಿಕ್ತಲೇ. ನೀನ ಹುಡಕಿದಿ."

"ಟೈಲ್ಸ್ ತಗಸ್ತೇನಿ ಅನಬ್ಯಾಡ್ರಿ ಮತ್ತ" ಎಂದಳು ಅವ್ವ.

"ನಿನ್ನ ಟೈಲ್ಸ್ ನಿನಗ ಇರಲಿ. ಬೀಗರು ಕುಂಡ್ರೂ ಕಡೆ ಇರಲಿ. ಕುಣ್ಯಾಗಿಂದು, ಹಾಸಿನ ಬುಡಕಿಂದು ಅಷ್ಟ ತಗಸ್ತೇನಿ. ನೂಲು ಏನ್ ನಿನ್ನ ಬೀಗರೇನು?"

"ಬೀಗರ ಪತ್ತಲ ಹೌದಲ್ಲ" ಎಂದಳು ಆಯಿ.

ವೈನಿ ಮತ್ತೆ ಲಾಳಿ ಎಸೆದಳು. ಮಳೆ ನಿಲ್ಲುವವರೆಗೆ ಎಸೆಯುತ್ತಲೇ ಇದ್ದಳು. ಸಂಜೆ ಅಪ್ಪ ಗೌಂಡಿಗೆ ಫೋನು ಮಾಡಿ, "ನಾಳಿ ಬಾ, ಆದ್ರ ಕೆಲಸ ಬ್ಯಾರೆ ಐತಿ. ಮುಚ್ಚೂದಲ್ಲ, ಒಡಿಯೂದು" ಎನ್ನುವುದು ಕೇಳಿಸಿತು. ಆಚೆಯಿಂದ ಅವನು ಏನೋ ಕೇಳಿರಬೇಕು. "ಯಾಕಂದ್ರ ನನ್ನ ಸೊಸಿ ಕೇಳಿದ್ಲು" ಎಂದ ಅಪ್ಪ. ಅವ್ವ ಹೇಳಲು ಕಾಯದೆ ವೈನಿ ಚಹಾ ತಂದು ಅವನ ಮುಂದಿಟ್ಟಳು, ಸಕ್ಕರೆ ಹಾಕದೆ.

ಮರುದಿನ ಬೆಳಿಗ್ಗೆ ನನ್ನ ರಜೆ ಮುಗಿದಿತ್ತು. ಗೌಂಡಿ ಬೇಗ ಬಂದು ಕುಣಿಯ ತಳದ ಗಿಲಾವನ್ನು ಉಳಿಯಿಂದ ಎಬ್ಬಿಸಿ ಚೂರುಗಳನ್ನು ಬುಟ್ಟಿಗೆ ತುಂಬಿಸಿಟ್ಟಿದ್ದ. ಅಡಿಯಲ್ಲಿ ಹಳೆಯ ಮಣ್ಣು ಹಾಗೆಯೇ ಇತ್ತು, ಕಪ್ಪಗೆ. ನಾನು ಚಪ್ಪಲಿ ಬಿಟ್ಟು, ಸೀರೆಯ ನೆರಿಗೆ ಎತ್ತಿ ಹಿಡಿದು ಒಳಗಿಳಿದೆ. ತಂಬಿಗೆಯ ನೀರನ್ನು ಕೈಯಲ್ಲಿ ತೆಗೆದು, ಆಯಿ ಮಾಡುತ್ತಿದ್ದಂತೆ, ಮೂಲೆಯಿಂದ ಮೂಲೆಗೆ ಚಿಮುಕಿಸಿದೆ. ಆಮೇಲೆ ಕಾಲು ತೊಳೆದುಕೊಂಡು ಜಮಖಂಡಿಯ ಬಸ್ಸಿಗೆ ನಡೆದೆ.